ಮಗುಚಿ ಇಟ್ಟ ಕಲ್ಲು

ನಲವತ್ತೊಂದನೆಯ ದಿನ ಬೆಳಿಗ್ಗೆ ಗಂಗವ್ವ ಮಿಕ್ಸಿಯನ್ನು ಒರೆಸಿ, ಕುಂಕುಮ ಹಚ್ಚಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಹಚ್ಚಲಿ ಬಿಡಿ, ನಲವತ್ತು ದಿನ ಬೀಸುಕಲ್ಲು ತಿರುವಿದ ಕೈ ಅದು. ಹಿಟ್ಟಿನ ಗಿರಣಿ ಬಂದ್ ಆದಂದಿನಿಂದ ಅತ್ತೆ ಒಂದು ಕಡೆ, ಸೊಸೆ ದಾನೇಶ್ವರಿ ಇನ್ನೊಂದು ಕಡೆ ಕುಳಿತು ಜೋಳ ಬೀಸುತ್ತಿದ್ದರು. ಇಬ್ಬರ ಅಂಗೈಯಲ್ಲೂ ಬೊಬ್ಬೆ ಎದ್ದು, ಒಡೆದು, ಈಗ ಚರ್ಮ ದಡ್ಡುಗಟ್ಟಿತ್ತು. ಇವತ್ತು ಹನ್ನೊಂದು ಗಂಟೆಗೆ ಕರೆಂಟು ಬರುತ್ತದೆ ಎಂದು ನಿನ್ನೆ ವಿಜಯಪುರದ ಓಣಿ ಓಣಿಯಲ್ಲಿ ಡಂಗುರ ಸಾರಿದ್ದರು. ಮೊಬೈಲೂ ಟಿ.ವಿ.ಯೂ ಸತ್ತ ಊರಿನಲ್ಲಿ ಡಂಗುರವೇ ಗತಿ.

"ಖರೇನ ಹನ್ನೊಂದಕ್ಕ ಬರ್ತದೇನ ದಾನಿ?" ಎಂದು ಗಂಗವ್ವ ಮೂರನೆಯ ಸಲ ಕೇಳಿದಳು.

"ಬರ್ತದ್ರಿ ಅತ್ತಿ. ಕೊಡಾವ್ರು ನಿಮ್ಮ ಮಗಾನ ಅಲ್ಲೇನ್ರಿ."

ಮಗ ಶಿವಪುತ್ರ ಹೊರಗಿನ ಕಟ್ಟೆಯ ಮೇಲೆ ಕುಳಿತು ಬೂಟಿನ ಲೇಸು ಕಟ್ಟುತ್ತಿದ್ದ. ಊರ ಹೊರಗಿನ ದೊಡ್ಡ ವಿದ್ಯುತ್ ಸ್ಟೇಷನ್ನಿನಲ್ಲಿ ಅವನು ಆಪರೇಟರ್. ಇವತ್ತಿನ ಪಾಳಿ ಅವನದೇ.

"ನಂದೇನದವ್ವಾ, ನಾ ಬರೇ ಸ್ವಿಚ್ ತಿರುವಾಂವ. ದಿನಾ ಎಣಿಸಿ ಕೊಟ್ಟಾಕಿ ನಿನ್ನ ಸೊಸಿ. ಗಂಡನ ಮಾತು ಒಂದೂ ಕೇಳಂಗಿಲ್ಲ, ಕಲ್ಲು ಹೇಳಿದ್ರ ಮಾತ್ರ ಕೈಕಟ್ಟಿ ಕೇಳ್ತಾಳ."

"ಕಲ್ಲು ಎದುರು ಮಾತಾಡಂಗಿಲ್ಲಲ್ರೀ, ಅದಕ್ಕ," ಎಂದಳು ದಾನೇಶ್ವರಿ.

ಶಿವಪುತ್ರ ನಗುತ್ತಲೇ ಹೋದ. ಆ ನಗೆ ನೋಡಿ ಅವಳ ಜೀವಕ್ಕೂ ಹಾಯೆನಿಸಿತು. ನಲವತ್ತು ದಿನದಿಂದ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ನಗುವುದಾದರೂ ಹೇಗೆ? ಭೂಮಿ ಒಂದು ದೊಡ್ಡ ಅಯಸ್ಕಾಂತ, ಅದರ ಬಲ ನಮ್ಮ ತಲೆಯ ಮೇಲೆ ಕೊಡೆಯಂತೆ ಹರಡಿಕೊಂಡಿದೆ, ಸೂರ್ಯ ಉಗುಳುವ ಬಿರುಗಾಳಿಯನ್ನು ಅದು ಆಚೆಗೇ ತಡೆಯುತ್ತದೆ ಎಂದು ಎಲ್ಲರೂ ಶಾಲೆಯಲ್ಲಿ ಓದಿ ಮರೆತಿದ್ದರು. ಎರಡು ವರ್ಷದಿಂದ ಆ ಬಲ ಕುಗ್ಗುತ್ತ ಬಂತು. ಈ ಬೇಸಿಗೆಯಲ್ಲಿ ಒಮ್ಮೆಲೇ ಕುಸಿಯಿತು. ಮೊದಲು ಮೇಲಿದ್ದ ಉಪಗ್ರಹಗಳು ಸತ್ತವು. ಆಮೇಲೆ ದೂರದ ಎರಡು ದೇಶಗಳಲ್ಲಿ, ಸೂರ್ಯನ ಒಂದೊಂದೇ ಬಿರುಗಾಳಿಗೆ, ನೂರಾರು ಮೈಲಿ ಉದ್ದದ ತಂತಿಗಳಲ್ಲಿ ತಾನೇ ತಾನಾಗಿ ಕರೆಂಟು ಹರಿದು ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು ಎಣ್ಣೆ ಕುದಿದು ಸ್ಫೋಟಿಸಿದವು. ಪಕ್ಕದಲ್ಲಿ ನಿಂತವರ ಹೆಣವೂ ಸಿಗಲಿಲ್ಲ. ಅಂಥ ಒಂದು ಟ್ರಾನ್ಸ್‌ಫಾರ್ಮರ್ ಹೊಸದಾಗಿ ಕಟ್ಟಲು ಎರಡು ವರ್ಷ ಬೇಕು. ಹಾಗಾಗಿ ನಮ್ಮಲ್ಲಿ ಎಲ್ಲವನ್ನೂ ಆರಿಸಿ ಕೂರುವುದೆಂದು ತೀರ್ಮಾನವಾಯಿತು. ಸಂಜೆಯಾದರೆ ಉತ್ತರದ ಆಕಾಶ ಕೆಂಪಗಾಗುತ್ತಿತ್ತು. ಎಂದೂ ಕಾಣದ ಆ ಕೆಂಪಿಗೆ ಹೆದರಿ ಜನ ಏಳಕ್ಕೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪಾರಿವಾಳಗಳು ದಿಕ್ಕು ತಪ್ಪಿ ರಸ್ತೆಯ ನಡುವೆ ಸುಮ್ಮನೆ ಕೂತಿರುತ್ತಿದ್ದವು.

ಎಷ್ಟು ದಿನ ಆರಿಸಿ ಕೂರಬೇಕು? ಅದನ್ನು ಹೇಳಿದ್ದು ಕಲ್ಲು.

ವಿಜಯಪುರದ ಕಪ್ಪು ಕಲ್ಲು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದರೊಳಗೆ ಕಬ್ಬಿಣದ ಸಣ್ಣ ಸಣ್ಣ ಕಣಗಳಿವೆ. ಲಾವಾ ಆರಿ ಗಟ್ಟಿಯಾಗುವಾಗ ಆ ಕಣಗಳು ಭೂಮಿಯ ಅಯಸ್ಕಾಂತ ಎಳೆದ ಕಡೆಗೆ ಮುಖ ಮಾಡಿ ಹಾಗೆಯೇ ಸಿಕ್ಕಿಕೊಳ್ಳುತ್ತವೆ, ಬೆಲ್ಲದ ಪಾಕ ಗಟ್ಟಿಯಾದಾಗ ಎಳ್ಳು ಸಿಕ್ಕಿಕೊಳ್ಳುವ ಹಾಗೆ. ಹಿಂದೆ ಎಷ್ಟೋ ಸಲ ಭೂಮಿಯ ಉತ್ತರ ದಕ್ಷಿಣಗಳು ಅದಲುಬದಲಾಗಿವೆ ಎಂದು ಗೊತ್ತಾದದ್ದೇ ಇಂಥ ಕಲ್ಲುಗಳಿಂದ. ಕರಿಬಂಡಿ ಎಂಬ ಹಳ್ಳಿಯಲ್ಲಿ ಒಂದು ಬಾವಿ ಆಳ ಮಾಡುವಾಗ ಸಿಕ್ಕ ಲಾವಾದ ಪದರಂತೂ ಅಪರೂಪದ್ದು. ಅದು ಆರುತ್ತಿದ್ದಾಗಲೇ ಭೂಮಿಯ ಅಯಸ್ಕಾಂತ ಕುಸಿದು ದಿಕ್ಕು ಬದಲಿಸಿತ್ತು. ತಣ್ಣನೆಯ ನೆಲಕ್ಕೆ ತಾಗಿದ ತಳ ಮೊದಲು ಆರಿತು, ನಡುಹೊಟ್ಟೆ ಕಡೆಗೆ ಆರಿತು. ಹಾಗಾಗಿ ತಳದಿಂದ ಮೇಲಕ್ಕೆ ಗೇಣು ಗೇಣಾಗಿ ಓದಿದರೆ ಒಂದೊಂದು ದಿನದ ಕಥೆ ಸಿಗುತ್ತಿತ್ತು.

ಓದಿದವರು ಡಾ. ಮೆಹರುನ್ನೀಸಾ ಇನಾಮದಾರ. ಊರಿನವರು 'ಕಲ್ಲಿನ ಲ್ಯಾಬು' ಎನ್ನುವ ಪ್ರಯೋಗಾಲಯದ ಮುಖ್ಯಸ್ಥೆ. ಅವರ ಕೈಕೆಳಗಿನ ಸಹಾಯಕಿ ದಾನೇಶ್ವರಿ. ಬಾವಿಯ ಗೋಡೆಯಿಂದ ಕೊರೆದು ತೆಗೆದ ತುಂಡುಗಳಲ್ಲಿ ಬಲ ಇಳಿಯುತ್ತ ಇಳಿಯುತ್ತ ಹೋಗಿತ್ತು. ಅದರ ಮೇಲೆ ಇಪ್ಪತ್ತು ಮೊಳ ಕಲ್ಲು ಪುಡಿಯಾಗಿ ಸಿಗಲಿಲ್ಲ. ಅದರ ಮೇಲಿನದು ಒಂದು ದೊಡ್ಡ ಬಂಡೆ. ಆ ಬಂಡೆಯ ಕೆಳತುದಿಯಲ್ಲಿ ಬಲ ಇಲ್ಲವೆನ್ನುವಷ್ಟು ಕಡಿಮೆ, ಮೇಲ್ತುದಿಯಲ್ಲಿ ಬಲ ಚೆನ್ನಾಗಿತ್ತು, ಆದರೆ ದಿಕ್ಕು ತಿರುಗಿತ್ತು. ಎಂದರೆ ಅಯಸ್ಕಾಂತ ಕುಸಿದು, ಸುಮಾರು ನಲವತ್ತು ದಿನ ಸತ್ತಂತಿದ್ದು, ಉತ್ತರ ದಕ್ಷಿಣ ಅದಲುಬದಲಾಗಿ ಮತ್ತೆ ಎದ್ದು ನಿಂತಿದೆ. ಇದೇ ಮೇಡಂ ಕೊಟ್ಟ ಲೆಕ್ಕ. ಸರಕಾರ ಅದನ್ನೇ ನಂಬಿತು.

ಮೂವತ್ತನಾಲ್ಕನೆಯ ದಿನದಿಂದ ಬಲ ಏರತೊಡಗಿದಾಗ ಊರಿಗೆ ಊರೇ ಕುಣಿಯಿತು. ಮೇಡಂ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಕಲ್ಲಿನ್ಯಾಗ ದಿಕ್ಕು ತಿರುಗೇದ. ಇಲ್ಲಿ ದಿಕ್ಸೂಚಿ ಮುಳ್ಳು ಮೊದಲಿನಂಗ ಉತ್ತರಕ್ಕೇ ಬಂದು ನಿಂತದ. ಹಿಂಗ್ಯಾಕ ದಾನೇಶ್ವರಿ?" ಎಂದು ಕೇಳುತ್ತಲೇ ಇದ್ದರು. ಬೆಂಗಳೂರಿನ ಸಮಿತಿಯವರು, ತಿರುಗದೇ ಬಂದರೆ ಇನ್ನೂ ಒಳ್ಳೆಯದೇ ಅಲ್ಲವೇ ಎಂದರು. ಈಗ ಬಲ ನೂರಕ್ಕೆ ಐವತ್ತೆಂಟಕ್ಕೆ ಬಂದಿತ್ತು. ಮೊನ್ನೆ ಸೂರ್ಯನ ಮೇಲೆ ದೊಡ್ಡ ಸ್ಫೋಟವಾದದ್ದನ್ನು ದೂರದರ್ಶಕದಲ್ಲಿ ಕಂಡಿದ್ದರು. ಆ ಬಿರುಗಾಳಿ ಇವತ್ತು ಮಧ್ಯಾಹ್ನದ ಹೊತ್ತಿಗೆ ಭೂಮಿಗೆ ಮುಟ್ಟುವುದಿತ್ತು. ಅರ್ಧಕ್ಕಿಂತ ಹೆಚ್ಚು ಕೊಡೆ ಬಿಚ್ಚಿದೆ, ಹೆದರಿಕೆಯಿಲ್ಲ ಎಂದು ಸಮಿತಿ ಬರೆದುಕೊಟ್ಟಿತು. ಮೇಡಂ ಅವರನ್ನು ಬೆಂಗಳೂರಿನ ಕಂಟ್ರೋಲ್ ರೂಮಿಗೇ ಕರೆಸಿಕೊಂಡರು.

ಎಂಟೂವರೆಗೆ ದಾನೇಶ್ವರಿ ಲ್ಯಾಬಿನ ಬೀಗ ತೆಗೆದಾಗ ಬಲ ತೋರಿಸುವ ಯಂತ್ರದಲ್ಲಿ ಐವತ್ತಾರು ಇತ್ತು. ಬ್ಯಾಟರಿ ಇಳಿದಿರಬೇಕು ಎಂದುಕೊಂಡು ಅತ್ತ ತಿರುಗಲಿಲ್ಲ. ಇವತ್ತು ಲ್ಯಾಬಿನಲ್ಲೂ ಸಣ್ಣ ಕಾರ್ಯಕ್ರಮವಿತ್ತು. ಕರಿಬಂಡಿಯ ಬಂಡೆಯ ಉಳಿದ ಅರ್ಧವನ್ನು ಮೇಜಿನ ಮೇಲಿಟ್ಟು ಚೆಂಡುಹೂವಿನ ಮಾಲೆ ಹಾಕಿದ್ದರು. ಅದನ್ನು ಬಾವಿಯಿಂದ ಎತ್ತಿದ ದುರ್ಗಪ್ಪನಿಗೆ ಶಾಲು ಹೊದಿಸುವುದಿತ್ತು. ಅರವತ್ತರ ಮುದುಕ, ಹುಟ್ಟಿದಾಗಿನಿಂದ ಬಾವಿ ತೋಡುವುದೇ ಕಸುಬು. ಒಗೆದ ಧೋತರ, ಹೊಸ ರುಮಾಲು ಸುತ್ತಿಕೊಂಡು ಬೇಗನೆ ಬಂದಿದ್ದ. ಕಲ್ಲನ್ನು ಒಂದು ಸುತ್ತು ಹಾಕಿ ನೋಡಿ ಸಣ್ಣಗೆ ನಕ್ಕ.

"ಅಕ್ಕಾರ, ಮಾಲಿ ಹಾಕೀರಿ ಖರೆ, ಆದ್ರ ಇದರ ತಲಿ ಕೆಳಗ ಐತಲ್ರಿ."

ದಾನೇಶ್ವರಿಯೂ ನಕ್ಕಳು. "ಇಲ್ಲ ಕಾಕಾ. ಬಾಣದ ಗುರುತು ನೋಡ್ರಿ. ಬಾಣ ಮುಖ ಮಾಡಿದ ಕಡೆ ಮ್ಯಾಲ. ನಾನಾ ಬರದೀನಿ, ನಿಮ್ಮ ಬಾವಿ ದಂಡಿ ಮ್ಯಾಲ."

"ನೀವು ಬರದಾಗ ನಾವು ಅದನ್ನ ಮಗುಚಿ ಹಾಕಿದ್ವಲ್ರೀ."

"ಮಗುಚಿ ಅಂದ್ರ?"

"ನಮ್ಮ ಪದ್ಧತಿರೀ. ಬಾವಿಯಿಂದ ಹೊರಗ ಬಂದ ದೊಡ್ಡ ಕಲ್ಲನ್ನ ಇದ್ದಂಗ ಇಡಂಗಿಲ್ಲ. ಹೊಟ್ಟಿ ಮ್ಯಾಲ ಮಾಡಿ ಇಡತೀವಿ. ಹುಟ್ಟಿದಾಗಿನಿಂದ ಕತ್ತಲಾಗ ಮಲಗಿದ್ದು, ಮೊದಲನೇ ಬಿಸಲು ಹೊಟ್ಟಿಗೆ ಬೀಳಬೇಕು. ಇಲ್ಲಂದ್ರ ಒಳಗ ಇಳಿದವರ ಮ್ಯಾಲ ಮುನಿಸ್ಕೊತೈತಿ ಅಂತ ನಮ್ಮ ಮುತ್ಯಾ ಹೇಳತಿದ್ದ. ನೀವು ಅವಾಗ ನಮ್ಮ ಮನಿಯಾಕಿ ಕೂಡ ಉಣ್ಣಾಕ ಕುಂತಿದ್ರಿ."

ದಾನೇಶ್ವರಿ ಮಾಲೆ ಸರಿಸಿ ಬಾಣ ನೋಡಿದಳು.

ಹೌದು, ಉಣ್ಣಲು ಕುಳಿತಿದ್ದಳು. ನಾಲ್ಕು ತಿಂಗಳ ಹಿಂದಿನ ಮಾತು. ಕಲ್ಲು ಜಾಗ ಬಿಟ್ಟು ಅಲುಗುವ ಮೊದಲೇ ಬಾಣ ಬರೆಯಬೇಕು ಎಂಬುದು ಲ್ಯಾಬಿನ ಮೊದಲ ನಿಯಮ. ಆದರೆ ಅವತ್ತು ಬಿಸಿಲು ನೆತ್ತಿಗೇರಿತ್ತು, ಬೆಳಿಗ್ಗೆಯಿಂದ ಹೊಟ್ಟೆಗಿರಲಿಲ್ಲ. ದುರ್ಗಪ್ಪನ ಹೆಂಡತಿ ಬಾ ಉಣ್ಣವಾ ಎಂದು ಕೈಹಿಡಿದು ಎಳೆದೊಯ್ದು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕಿದಳು. ಅರ್ಧ ಗಂಟೆ ಬಿಟ್ಟು ಬಂದಾಗ ಬಂಡೆ ಮೇಲೆ ಬಂದು ದಂಡೆಯಲ್ಲಿ ಮಲಗಿತ್ತು. ಬಣ್ಣ ತೆಗೆದು ಬಾಣ ಎಳೆದಳು. ವಹಿಯಲ್ಲಿ 'ಬಾವಿಯಲ್ಲಿ ಇದ್ದಂತೆ' ಎಂದು ಬರೆದಳು. ಹೇಗಿತ್ತು ಎಂದು ಯಾರನ್ನೂ ಕೇಳಲಿಲ್ಲ. ಒಂದು ವಾರದಲ್ಲಿ ಬಾವಿ ಕುಸಿದು ಮುಚ್ಚಿಹೋಯಿತು, ಮತ್ತೆ ನೋಡುವ ದಾರಿಯೂ ಉಳಿಯಲಿಲ್ಲ.

ದುರ್ಗಪ್ಪ ಮರೆತು ಹೇಳುತ್ತಿರಬಹುದು, ಇದೊಂದು ಕಲ್ಲನ್ನು ಮಗುಚಿರಲಿಕ್ಕಿಲ್ಲ ಎಂದು ಮನಸ್ಸು ಒದ್ದಾಡಿತು. ಬಂಡೆಯಿಂದ ಕೊಯ್ದ ಹಲಗೆಯೊಂದು ಕಪಾಟಿನಲ್ಲಿತ್ತು. ಅದನ್ನು ಹೊರತೆಗೆದಳು. ಅದರಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಗಾಳಿಗುಳ್ಳೆಯಿತ್ತು. ಲಕ್ಷಾಂತರ ವರ್ಷ ನೀರು ಜಿನುಗಿ ಆ ಗುಳ್ಳೆಯಲ್ಲಿ ಬಿಳಿ ಹರಳು ಅರ್ಧ ತುಂಬಿತ್ತು. ನೀರಿನಲ್ಲಿ ಬಂದದ್ದು ತಳದಲ್ಲಿ ಕೂರಬೇಕು, ಮೇಲಿನ ಅರ್ಧ ಖಾಲಿ ಇರಬೇಕು. ತಂಬಿಗೆಯಲ್ಲಿ ನೀರು ನಿಲ್ಲುವುದೂ ಹಾಗೆಯೇ. ಹಲಗೆಯನ್ನು ತಾನು ಬರೆದ ಬಾಣದಂತೆ ಎತ್ತಿ ಹಿಡಿದಳು. ಹರಳು ಮೇಲಿತ್ತು, ಖಾಲಿ ಜಾಗ ಕೆಳಗಿತ್ತು. ನಾಲ್ಕು ತಿಂಗಳಿಂದ ಆ ಗುಳ್ಳೆ ಅವಳ ಕಣ್ಣ ಮುಂದೆಯೇ ಇತ್ತು.

ಹಲಗೆಯನ್ನು ತಿರುಗಿಸಿ ಹಿಡಿದಳು. ಈಗ ಕಲ್ಲು ಬೇರೆಯೇ ಹೇಳಿತು. ಓದಿದ ಕ್ರಮವೂ ಉಲ್ಟಾ, ದಿಕ್ಕೂ ಉಲ್ಟಾ. ಕುಸಿದ ಬಲ ಮೊದಲು ಅರ್ಧದಷ್ಟು ಏರುತ್ತದೆ, ಹಳೆಯ ದಿಕ್ಕಿನಲ್ಲೇ, ಉತ್ತರಕ್ಕೇ, ಈಗ ಏರಿರುವ ಹಾಗೆಯೇ. ಆಮೇಲೆ ನಾಲ್ಕು ಬೆರಳು ಕಲ್ಲಿನಲ್ಲಿ, ಎಂದರೆ ಹೆಚ್ಚೆಂದರೆ ಒಂದು ದಿನದಲ್ಲಿ, ಪೂರ್ತಿ ಸೊನ್ನೆಯಾಗುತ್ತದೆ. ಕಟ್ಟಕಡೆಯ ಒಂದು ಬೆರಳಿನಷ್ಟು ಜಾಗದಲ್ಲಿ ಕಣಗಳು ತಿರುಗಿ ನಿಂತಿವೆ. ಅಲ್ಲಿಗೆ ಬಂಡೆ ಮುಗಿಯುತ್ತದೆ, ಅದರ ಮೇಲಿನ ಕಲ್ಲು ಯಾರ ಬಳಿಯೂ ಇಲ್ಲ. ಉತ್ತರ ದಕ್ಷಿಣ ಅದಲುಬದಲಾಗುವುದು ಇನ್ನೂ ಮುಂದಿದೆ. ಮೇಡಂ ಎರಡು ದಿನ ಊಟ ಬಿಟ್ಟು ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಯಂತ್ರ ನೋಡಿದಳು. ಐವತ್ತೊಂದು. ಅವಳು ನೋಡುತ್ತಿದ್ದ ಹಾಗೆಯೇ ಐವತ್ತಾಯಿತು.

ಹೇಳಲೇಬೇಕಾದ ಮಾತೊಂದಿದೆ. ದಾನೇಶ್ವರಿ ತಕ್ಷಣ ಎದ್ದು ಓಡಲಿಲ್ಲ. ಐದು ನಿಮಿಷ ಸ್ಟೂಲಿನ ಮೇಲೆ ಸುಮ್ಮನೆ ಕುಳಿತಳು. ಈ ಮಾತು ಗೊತ್ತಿರುವುದು ತನಗೊಬ್ಬಳಿಗೇ. ಬಾಯಿ ಮುಚ್ಚಿಕೊಂಡರೆ ಮೇಡಂ ಹೆಸರು ಉಳಿಯುತ್ತದೆ, ತನ್ನ ಹೆಸರೂ ಉಳಿಯುತ್ತದೆ. ಬಿರುಗಾಳಿ ದಾರಿ ತಪ್ಪಲೂಬಹುದು. ಹೀಗೆಲ್ಲ ಯೋಚಿಸಿದಳು. ಆಮೇಲೆ ಟ್ರಾನ್ಸ್‌ಫಾರ್ಮರ್ ಪಕ್ಕದ ಕಂಟ್ರೋಲ್ ರೂಮು ಕಣ್ಣಿಗೆ ಬಂತು, ಬೂಟಿನ ಲೇಸು ಕಟ್ಟಿಕೊಂಡು ನಗುತ್ತ ಹೋದವನು ಕಣ್ಣಿಗೆ ಬಂದ. ಹಲಗೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ನಿಂತಳು.

"ಅಕ್ಕಾರ, ನಾ ಏನರ ತಪ್ಪು ಮಾಡಿದ್ನೇನ್ರಿ?" ಎಂದ ದುರ್ಗಪ್ಪ. ಅವನ ಮುಖವೂ ಬಿಳಚಿಕೊಂಡಿತ್ತು.

"ನೀವಲ್ಲ ಕಾಕಾ. ನಾನು."

ಫೋನು ಇರುವುದು ಸ್ಟೇಷನ್ನಿನಲ್ಲಿ ಮಾತ್ರ. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಎಳೆದ ಹಾಟ್‌ಲೈನು ಅದು. ಅಲ್ಲಿಗೆ ಹದಿನಾಲ್ಕು ಕಿಲೋಮೀಟರ್. ಸ್ಕೂಟರಿನಲ್ಲಿ ಪೆಟ್ರೋಲು ತಳ ಕಂಡಿತ್ತು. ಆಗಲೇ ಒಂಬತ್ತೂ ಇಪ್ಪತ್ತು.

ದಾರಿಯುದ್ದಕ್ಕೂ ಊರು ಸಂಭ್ರಮದಲ್ಲಿತ್ತು. ಹಿಟ್ಟಿನ ಗಿರಣಿಯ ಮುಂದೆ ಜೋಳದ ಚೀಲಗಳ ಸಾಲು ಮೂಲೆಯವರೆಗೆ ಬಂದಿತ್ತು. ಅಂಗಡಿಯವರು ಫ್ರಿಜ್ಜುಗಳ ಬಾಗಿಲು ತೆರೆದು ತೊಳೆಯುತ್ತಿದ್ದರು. ಆಸ್ಪತ್ರೆಯ ಮುಂದೆ ಆಪರೇಷನ್ನಿಗೆ ಹೆಸರು ಬರೆಸಿದವರು ಚಾಪೆ ಹಾಸಿ ಕುಳಿತಿದ್ದರು. ಇವರೆಲ್ಲರ ಮುಖ ನೋಡಲಾರದೆ ಅವಳು ರಸ್ತೆಯನ್ನೇ ನೋಡಿಕೊಂಡು ಗಾಡಿ ಬಿಟ್ಟಳು. ತನ್ನ ಓಣಿಯ ನಳದ ಹತ್ತಿರ ಬಂದಾಗ ಕೊಡ ಹಿಡಿದು ನಿಂತಿದ್ದ ಗಂಗವ್ವ ಅಡ್ಡ ಬಂದಳು.

"ಇತ್ತ ಯಾಕ ಬಂದಿ? ಮಾರಿ ಯಾಕ ಹಿಂಗಾಗ್ಯದ?"

"ಏನಿಲ್ರಿ ಅತ್ತಿ. ಅವರಿಗೆ ಒಂದು ಮಾತು ಹೇಳೂದದ."

"ಬುತ್ತಿ ಮರತು ಹೋಗ್ಯಾನೇನು?"

ಸೊಸೆ ಹೂಂ ಎಂದಳು. ಆ ಮುದುಕಿಗೆ ಇದ್ದವನು ಒಬ್ಬನೇ ಮಗ. ನಿಮ್ಮ ಮಗನನ್ನು ಬೆಂಕಿಯ ಪಕ್ಕ ನಿಲ್ಲಿಸಿ ಬಂದಿದ್ದೇನೆ ಎಂದು ಯಾವ ಬಾಯಿಂದ ಹೇಳುವುದು?

ಸ್ಟೇಷನ್ ಇನ್ನೂ ಒಂದು ಕಿಲೋಮೀಟರ್ ಇರುವಾಗ ಸ್ಕೂಟರ್ ನಿಂತಿತು. ಉಳಿದದ್ದನ್ನು ಓಡಿದಳು. ಗೇಟಿನ ಹತ್ತಿರ ಬರುವ ಮೊದಲೇ ಗುಂಯ್ ಎನ್ನುವ ಸದ್ದು ಕೇಳಿತು. ಟ್ರಾನ್ಸ್‌ಫಾರ್ಮರಿಗೆ ಆಗಲೇ ಜೀವ ಬಂದಿತ್ತು. ಒಂಬತ್ತು ಗಂಟೆಯಿಂದ ಒಂದೊಂದೇ ಲೈನು ಹಚ್ಚುತ್ತ ಬಂದಿದ್ದರು, ಹನ್ನೊಂದಕ್ಕೆ ಊರುಗಳಿಗೆ ಬಿಡುವುದಷ್ಟೇ ಬಾಕಿ.

ಕಂಟ್ರೋಲ್ ರೂಮಿನಲ್ಲಿ ಶಿವಪುತ್ರ ಒಬ್ಬನೇ ಇದ್ದ, ಉಳಿದವರು ಲೈನು ನೋಡಲು ಹೋಗಿದ್ದರು. ಗೋಡೆಯ ಮೇಲಿನ ಬೋರ್ಡಿನಲ್ಲಿ ಸುತ್ತಲಿನ ಹನ್ನೊಂದು ಸ್ಟೇಷನ್ನುಗಳ ದೀಪಗಳು ಕೆಂಪಗೆ ಉರಿಯುತ್ತಿದ್ದವು. ಕೆಂಪು ಎಂದರೆ ಕರೆಂಟು ಇದೆ, ಹಸಿರು ಎಂದರೆ ತೆಗೆದಿದೆ.

"ಇವೆಲ್ಲ ತೆಗೀರಿ. ತೆಗೀರಿ ಮೊದಲ," ಎಂದಳು ಏದುಸಿರು ಬಿಡುತ್ತ.

ಅವನು ಕುರ್ಚಿ ಎಳೆದು ಕೂರಿಸಿದ. ಅವಳು ಎಲ್ಲ ಹೇಳಿದಳು. ರೊಟ್ಟಿ, ಬಾಣ, ವಹಿಯಲ್ಲಿ ಬರೆದ ಸುಳ್ಳು, ಗುಳ್ಳೆ, ಐವತ್ತು.

"ಉಣ್ಣಾಕ ಕುಂತಿದ್ದಿ," ಎಂದ ಶಿವಪುತ್ರ.

"ಹೂಂ."

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯದೆ ಹಾಟ್‌ಲೈನಿನಲ್ಲಿ ಬೆಂಗಳೂರಿಗೆ ಫೋನು ಹಚ್ಚಿ, ಮೇಡಂ ಅವರನ್ನು ಕರೆಸಿ, ರಿಸೀವರನ್ನು ಅವಳ ಕೈಗೆ ಕೊಟ್ಟ. ಮತ್ತೆ ಎಲ್ಲ ಹೇಳಿದಳು. ಆ ಕಡೆ ಚಪ್ಪಾಳೆ, ಮೈಕಿನ ಸದ್ದು ಕೇಳುತ್ತಿತ್ತು.

"ಗುಳ್ಳಿ ಖಾಲಿ ಅರ್ಧ ಯಾವ ಕಡೆ ಅದ?" ಎಂದರು ಮೇಡಂ.

"ಕೆಳಗ ಅದ್ರಿ. ನನ್ನ ಬಾಣ ಹಿಡದು ನೋಡಿದ್ರ ಕೆಳಗ ಅದ."

"ಅದಕ್ಕ ಮುಳ್ಳು ಉತ್ತರಕ್ಕ ನಿಂತದ," ಎಂದರು ಮೇಡಂ, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ ದನಿ ಏರಿಸಿದರು. "ಫೋನ್ ಇಡಬ್ಯಾಡ. ನಾ ಮಂತ್ರಿಗಳ ಕಡೆ ಹೋಗ್ತೀನಿ."

ಹತ್ತೂ ನಲವತ್ತು ಆಯಿತು. ಹತ್ತೂ ನಲವತ್ತೈದು. ಕಡೆಗೆ ಬಂದದ್ದು ಮೇಡಂ ದನಿಯಲ್ಲ, ಯಾವನೋ ಅಧಿಕಾರಿಯದು. "ನೋಡಿ, ಇಲ್ಲಿ ಕಾರ್ಯಕ್ರಮ ಶುರುವಾಗಿದೆ. ಮೇಡಂ ಹೇಳಿದ್ದನ್ನು ಸಮಿತಿಯ ಮುಂದೆ ಇಡ್ತೀವಿ. ಬೇರೆ ಆರ್ಡರ್ ಬರೋವರೆಗೂ ನೀವು ಏನೂ ಬದಲಾಯಿಸಬೇಡಿ."

ಶಿವಪುತ್ರ ರಿಸೀವರ್ ಕೆಳಗಿಟ್ಟು ಒಂದು ಮೀಟರಿನತ್ತ ಬೆರಳು ತೋರಿಸಿದ. ಟ್ರಾನ್ಸ್‌ಫಾರ್ಮರಿನಿಂದ ನೆಲಕ್ಕೆ ಇಳಿಯುವ ತಂತಿಯ ಮೀಟರು. ಅದರ ಮುಳ್ಳು ಯಾವಾಗಲೂ ಸೊನ್ನೆಯಲ್ಲಿರಬೇಕು. ಅದು ಸೊನ್ನೆ ಬಿಟ್ಟು ಎದ್ದು ನಡುಗುತ್ತಿತ್ತು. ಇಬ್ಬರೂ ನೋಡುತ್ತಿದ್ದ ಹಾಗೆಯೇ ಇನ್ನೊಂದು ಗೀಟು ಏರಿತು. ಹೊರಗಿನ ಗುಂಯ್ ಸದ್ದು ದಪ್ಪಗಾಗಿ ಕಿಟಕಿಯ ಗಾಜು ಅದುರತೊಡಗಿತು. ಬಿರುಗಾಳಿ ಮಧ್ಯಾಹ್ನದವರೆಗೆ ಕಾಯಲಿಲ್ಲ.

"ನಾ ತೆಗೀತೀನಿ. ನೌಕರಿ ಹೋದ್ರ ಹೋಗ್ಲಿ," ಎಂದು ಅವನು ಸ್ವಿಚ್ ತಿರುವಿದ. ಏನೂ ಆಗಲಿಲ್ಲ. ಮತ್ತೆ ತಿರುವಿದ. ನಲವತ್ತು ದಿನ ಚಾರ್ಜ್ ಇಲ್ಲದ ಬ್ಯಾಟರಿ ಬೆಳಿಗ್ಗೆ ಲೈನುಗಳನ್ನು ಹಚ್ಚುವಷ್ಟರಲ್ಲೇ ಸೋತುಹೋಗಿತ್ತು.

"ಈಗ?" ಎಂದಳು.

"ಅಂಗಳದಾಗ ಹೋಗಿ ಕೈಲೆ ಬೀಳಿಸಬೇಕು."

ಕರೆಂಟು ಕಡಿಯುವ ಬ್ರೇಕರ್ ಇರುವುದು ಟ್ರಾನ್ಸ್‌ಫಾರ್ಮರಿನಿಂದ ಇಪ್ಪತ್ತು ಹೆಜ್ಜೆಯಲ್ಲಿ. ಅವಳು ಅವನ ತೋಳು ಹಿಡಿದುಕೊಂಡಳು. ಬ್ಯಾಡ ಎನ್ನಲು ಬಾಯಿ ತೆರೆದಳು, ಆದರೆ ಅಲ್ಲಿಗೆ ಅವನನ್ನು ಕಳಿಸುತ್ತಿರುವವಳು ತಾನೇ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡ.

"ದಾನಿ, ಹನ್ನೊಂದು ಸ್ಟೇಷನ್ನಿನ್ಯಾಗ ಹನ್ನೊಂದು ಮಂದಿ ನನ್ನಂಗ ಕುಂತಾರ. ಬೋರ್ಡಿನ ಮ್ಯಾಲ ನಂಬರ್ ಅದಾವ. ಒಂದರಿಂದ ಹಚ್ಚು. ಕಿಟಕಿ ಕಡೆ ನೋಡಕೋತ ನಿಂದರಬ್ಯಾಡ."

ಅವನು ಹೊರಗೆ ಓಡಿದ. ಫೋನು ಬೋರ್ಡಿನ ಕೆಳಗಿತ್ತು. ಅದರ ಮುಂದೆ ನಿಂತರೆ ಕಿಟಕಿ ಬೆನ್ನ ಹಿಂದೆ ಬರುತ್ತಿತ್ತು.

ಒಂದನೆಯ ನಂಬರಿನವನು ನಕ್ಕ. "ಯಾರವ್ವಾ ನೀ, ಹುಡುಗಾಟ ಹಚ್ಚೀಯೇನು?"

"ನಾ ದಾನೇಶ್ವರಿರೀ, ಕಲ್ಲಿನ ಲ್ಯಾಬಿನಾಕಿ. ಕಲ್ಲನ್ನ ತಲಿಕೆಳಗ ಓದಿದಾಕಿ ನಾನಾ. ತಪ್ಪು ನಂದು. ನಿಮ್ಮ ನೆಲದ ತಂತಿ ಮೀಟರ್ ನೋಡ್ರಿ, ಮುಳ್ಳು ಎದ್ದಿದ್ರ ತೆಗೀರಿ."

ಆ ಕಡೆ ಕುರ್ಚಿ ಉರುಳಿದ ಸದ್ದು. ಬೋರ್ಡಿನಲ್ಲಿ ಒಂದನೆಯ ದೀಪ ಹಸಿರಾಯಿತು.

ಎರಡನೆಯವನು, ಆರ್ಡರ್ ಎಲ್ಲಿ ಎಂದು ಕೇಳಿದ. ಅದೇ ಮಾತು ಮತ್ತೆ ಹೇಳಿದಳು. ತಪ್ಪು ನಂದು, ನಾ ನೋಡದ ಬರದೆ. ಎರಡನೆಯವನು ಫೋನು ಇಟ್ಟುಬಿಟ್ಟ. ಮೂರನೆಯವನು, "ಶಿವಪುತ್ರ ಎಲ್ಲದಾನ? ಅವನ ಕೈಯಾಗ ಫೋನ್ ಕೊಡವಾ, ಅವ ಹೇಳಿದ್ರ ತೆಗೀತೀನಿ," ಎಂದ.

"ಅವರು ಅಂಗಳದಾಗ ಹೋಗ್ಯಾರಣ್ಣ. ಕೈಲೆ ಬೀಳಸಾಕ ಹೋಗ್ಯಾರ."

ಅಷ್ಟರಲ್ಲಿ ಬೆನ್ನ ಹಿಂದೆ ಢಂ ಎಂದಿತು. ಕೋಣೆಯೇ ಅಲುಗಿತು. ಗಾಜಿನ ಚೂರುಗಳು ಅವಳ ಹೆಗಲ ಮೇಲೆ ಬಿದ್ದವು. ಮೀಟರುಗಳ ಮುಳ್ಳುಗಳೆಲ್ಲ ಒಟ್ಟಿಗೆ ಸೊನ್ನೆಗೆ ಬಿದ್ದವು, ಗುಂಯ್ ಸದ್ದು ನಿಂತುಹೋಯಿತು. ತಿರುಗಿ ನೋಡಬೇಕು ಎಂದು ಜೀವ ಹೊಯ್ದಾಡಿತು. ತಿರುಗಿ ನೋಡಿದರೆ, ನೋಡಬಾರದ್ದು ಕಂಡರೆ, ಆಮೇಲೆ ಈ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಏನವ್ವಾ ಅದು ಸಪ್ಪಳ? ಏನಾತು ಅಲ್ಲಿ?" ಎಂದ ಮೂರನೆಯವನು.

"ಗೊತ್ತಿಲ್ಲಣ್ಣ. ನೀವು ತೆಗೀರಿ," ಎಂದಳು. ಮೂರನೆಯ ದೀಪ ಹಸಿರಾಯಿತು.

ನಾಲ್ಕು. ಐದು. ಆರನೆಯದರಲ್ಲಿ ಒಬ್ಬ ಹುಡುಗಿ ಇದ್ದಳು. "ಅಕ್ಕಾ, ನಮ್ಮ ಮುಳ್ಳೂ ಎದ್ದದ, ನಾ ಅಂಜಿ ಕುಂತಿದ್ದೆ," ಎಂದು ಅಳುತ್ತಲೇ ತೆಗೆದಳು. ಏಳನೆಯದು ಎತ್ತಲೇ ಇಲ್ಲ. ಎಂಟು. ಒಂಬತ್ತನೆಯ ಲೈನು ಬಿಡುವಿರಲಿಲ್ಲ, ಮೂರು ಸಲ ಹಚ್ಚಿದರೂ ಬಿಡುವಿರಲಿಲ್ಲ. ಹತ್ತು. ಪ್ರತಿ ಸಲವೂ ಮೊದಲಿನಿಂದ ಹೇಳಬೇಕಿತ್ತು. ನಾ ದಾನೇಶ್ವರಿ, ತಲಿಕೆಳಗ ಓದಿದಾಕಿ ನಾನಾ. ಹೇಳಿ ಹೇಳಿ ನಾಚಿಕೆ ಸವೆದುಹೋಯಿತು, ಹೆದರಿಕೆ ಮಾತ್ರ ಸವೆಯಲಿಲ್ಲ. ಹನ್ನೊಂದನೆಯವನು ಪೂರ್ತಿ ಕೇಳಿಸಿಕೊಂಡ. ತಡಿ ತಂಗಿ, ಸಾಹೇಬ್ರನ್ನ ಕೇಳಿ ಹೇಳ್ತೀನಿ ಎಂದು ರಿಸೀವರನ್ನು ಮೇಜಿನ ಮೇಲಿಟ್ಟ. ಅವನ ಹೆಜ್ಜೆ ದೂರ ಹೋದದ್ದು ಕೇಳಿಸಿತು. ಆಮೇಲೆ ಕಿವಿ ತೂತಾಗುವಂಥ ಒಂದು ಕರ್ಕಶ ಸದ್ದು. ಆಮೇಲೆ ಫೋನಿನಲ್ಲಿ ಏನೂ ಇಲ್ಲ.

ಬೋರ್ಡಿನಲ್ಲಿ ಹನ್ನೊಂದನೆಯ ದೀಪ ಕೆಂಪೂ ಇಲ್ಲ, ಹಸಿರೂ ಇಲ್ಲ. ಎರಡನೆಯದು ಆರಿತು. ಒಂಬತ್ತನೆಯದು ಆರಿತು. ಸ್ವಲ್ಪ ಹೊತ್ತಿಗೆ ಏಳನೆಯದು.

ಈಗ ತಿರುಗಲೇಬೇಕಾಯಿತು. ಗಾಜಿಲ್ಲದ ಕಿಟಕಿಯ ಆಚೆ ಟ್ರಾನ್ಸ್‌ಫಾರ್ಮರ್ ಇದ್ದ ಹಾಗೆಯೇ ನಿಂತಿತ್ತು. ಬ್ರೇಕರಿನ ಹತ್ತಿರ ಜಲ್ಲಿಯ ಮೇಲೆ ಶಿವಪುತ್ರ ಮಂಡಿ ಊರಿ ಕುಳಿತಿದ್ದ. ಎರಡೂ ಕೈ ಕಿವಿಯ ಮೇಲಿತ್ತು. ಢಂ ಎಂದದ್ದು ಬ್ರೇಕರ್ ಬಿಚ್ಚಿಕೊಂಡ ಸದ್ದು. ಅವಳು ಬಾಗಿಲವರೆಗೆ ಹೋಗಿ, ಗೋಡೆಗೆ ಒರಗಿ ಕುಳಿತು ಅತ್ತಳು. ಅವನೇ ತಟ್ಟಾಡುತ್ತ ಒಳಗೆ ಬಂದು ಅವಳ ಪಕ್ಕ ಕುಳಿತ.

"ಎಷ್ಟು ಮಂದಿ ಕೇಳಿದ್ರು?" ಎಂದ. ಕಿವಿ ಕೇಳದೆ ಜೋರಾಗಿ ಮಾತಾಡುತ್ತಿದ್ದ.

ಅವಳು ಏಳು ಬೆರಳು ತೋರಿಸಿದಳು. ಉಳಿದ ನಾಲ್ಕು ದೀಪಗಳನ್ನು ಅವನು ತಾನೇ ನೋಡಿದ. ಆ ನಾಲ್ವರ ಹೆಸರೂ ಅವನಿಗೆ ಗೊತ್ತಿತ್ತು. ಒಂದೊಂದಾಗಿ ಹೇಳಿದ. ಅವಳು ಕಿವಿ ಮುಚ್ಚಿಕೊಳ್ಳದೆ ನಾಲ್ಕನ್ನೂ ಕೇಳಿಸಿಕೊಂಡಳು.

ಹಾಟ್‌ಲೈನು ಹೊಡೆದುಕೊಂಡಿತು. ಬೆಂಗಳೂರು. ಈಗ ಆ ಕಡೆ ಮೈಕೂ ಇಲ್ಲ, ಚಪ್ಪಾಳೆಯೂ ಇಲ್ಲ, ಯಾರೋ ಓಡಾಡುವ ಸದ್ದು ಮಾತ್ರ.

"ದಾನೇಶ್ವರಿ," ಎಂದರು ಮೇಡಂ. "ಎಲ್ಲಾರೂ ನನ್ನ ಮಾರಿ ನೋಡಕೋತ ನಿಂತಾರ. ಇನ್ನ ಎಷ್ಟು ದಿನ ಹಿಂಗ ಇರ್ತದಂತ ಕೇಳಾಕತ್ತಾರ. ಕಲ್ಲು ಹಿಡದು ಹೇಳು. ಈ ಸಲ ಸರಿಯಾಗಿ ಹಿಡದು ಹೇಳು. ಮುಂದ ಏನದ?"

ದಾನೇಶ್ವರಿ ಗಂಡನ ಮುಖ ನೋಡಿದಳು. ಅವನಿಗೆ ಪ್ರಶ್ನೆ ಕೇಳಿಸಿರಲಿಲ್ಲ.

"ಮುಂದ ಕಲ್ಲಿಲ್ರಿ ಮೇಡಂ," ಎಂದಳು.